ಹತ್ತೊಂಬತ್ತು ವೀಳ್ಯ ಮರಳಿ ಪಡೆದದ್ದು

ತಾಲೂಕುಗಳ ಮೇಲಧಿಕಾರಿಯಾದ ನಮ್ಮ ಪ್ರಾಂತಸಾಹೇಬರಿಗೆ ಮಾತಿಗೆ ಮೊದಲು ಮೂಗಿನಿಂದ ‘ಹೂಂ’ ಎಂದು ಒಂದು ರಾಗ ಎಳೆಯುವ ರೂಢಿ ಇತ್ತು. ರಾಗ ಮುಗಿದ ಮೇಲೆ ಕೋಟಿನ ಮೇಲಿನ ಗುಂಡಿ ಮುಟ್ಟಿಕೊಂಡು ‘ಆಲ್ ರೈಟ್, ಕ್ಯಾರಿ ಆನ್’ ಎನ್ನುತ್ತಿದ್ದರು. ಇಷ್ಟನ್ನು ನಾನು ಕಚೇರಿಗೆ ಸೇರಿದ ಮೂರನೆಯ ದಿನವೇ ಕಲಿತೆ. ಉಳಿದ ಕೆಲಸ ಕಲಿಯುವುದು ಇನ್ನೂ ನಡೆದೇ ಇತ್ತು. ನಾನು ಆಗ ಉಮೇದುವಾರ ಕಾರಕೂನ. ಎಂದರೆ, ಕಾರಕೂನನ ಕೆಲಸವನ್ನೆಲ್ಲ ಮಾಡಬೇಕು, ಕಾರಕೂನ ಎಂದು ಮಾತ್ರ ಹೇಳಿಕೊಳ್ಳುವಂತಿಲ್ಲ. ಮ್ಯಾಟ್ರಿಕ್ಕಿನ ಇಂಗ್ಲಿಷು ನನ್ನನ್ನು ಎರಡು ಸಲ ಕೆಡವಿತ್ತು. ಆದರೆ ಇಂಗ್ಲಿಷಿನ ಮಾಸ್ತರರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಎಂದರೆ, ಇಳಿಜಾರಿನಲ್ಲಿ. ಏರು ಬಂದಲ್ಲಿ ಪ್ರಯಾಣಿಕರೆಲ್ಲ ಇಳಿದು ನೂಕುತ್ತಿದ್ದೆವು. ಹೀಗಾಗಿ ಇದ್ದಿಲಿಗೆ ದೊಡ್ಡ ಮಾನ ಬಂದಿತ್ತು. ತಡಸದ ಆಚೆಯ ಕಾಡಿನಲ್ಲಿ ಸುಟ್ಟ ಇದ್ದಿಲನ್ನು ಹುಬ್ಬಳ್ಳಿ ಸ್ಟೇಶನ್ನಿಗೆ ಸಾಗಿಸಲು ಚಕ್ಕಡಿ ಬೇಕೆಂದು ಮೇಲಿನಿಂದ ಹುಕುಮು ಬಂತು. ನಮ್ಮ ಪಾಲಿಗೆ ದುಂಡಸಿಯ ಹಾದಿಯಿಂದ ಒಳಗೆ ತಿರುಗುವ ಒಂದು ಹಳ್ಳಿ ಬಿತ್ತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಓದಿದರೆ ಮತ್ತೆ ಎಲೆ ಹಿಡಿದುಕೊಂಡು ಬಂದಾರು ಎಂಬ ಹೆದರಿಕೆ ಇದೆ. ಹತ್ತೊಂಬತ್ತು ಚಕ್ಕಡಿ, ಹತ್ತು ದಿನ, ಮುಂದಿನ ವಾರದ ಮಂಗಳವಾರ ಹೊರಡಬೇಕು. ಸಾರಿ ಬರುವ ಕೆಲಸ ನನ್ನದು.

ರವಿವಾರ ಮುಂಜಾನೆ ಸೈಕಲ್ಲು ಹೊಡೆದುಕೊಂಡು ಹೋದೆ. ಹೋಗುವಾಗ ಶಿಗ್ಗಾಂವಿಯಲ್ಲಿ ಒಬ್ಬ ಎಲೆ ಮಾರುವವನ ಬುಟ್ಟಿಯಲ್ಲಿ ಸವಣೂರಿನ ಎಲೆ ಕಂಡಿತು. ಸವಣೂರು ಆಗ ಬೇರೆ ಸಂಸ್ಥಾನ, ಆದರೆ ಅಲ್ಲಿಯ ಎಲೆಗೆ ಗಡಿ ಇರಲಿಲ್ಲ. ಹಸಿರು ಎಳೆಯದು, ಬೆರಳಿಗೆ ಬೆಣ್ಣೆ ಹತ್ತಿದಂತೆ. ಎರಡು ಕಟ್ಟು ತೆಗೆದುಕೊಂಡೆ, ಅಡಿಕೆಯನ್ನೂ ಕಟ್ಟಿಸಿದೆ. ದೊಡ್ಡ ಮನುಷ್ಯನ ಹಾಗೆ ಬಾಯಿ ಕೆಂಪು ಮಾಡಿಕೊಂಡು ಹಳ್ಳಿಗೆ ಹೋಗಬೇಕು ಎಂಬ ಆಸೆಯೇ ಹೊರತು ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಚಾವಡಿಯಲ್ಲಿ ಜನ ಕೂಡಿದರು. ಊರ ಸೇವಕನಾದ ವಾಲೀಕಾರ ಹಲಿಗೆ ಬಾರಿಸಿದ, ನಾನು ಹುಕುಮು ಓದಿದೆ. ಎಲ್ಲರೂ ಊರ ಗೌಡರ ಕಡೆ ನೋಡಿದರು. ಗೌಡರು ಮೀಸೆ ತಿಕ್ಕಿಕೊಂಡು ಹೇಳಿದರು:

“ಬರೂದಿಲ್ಲ ಅನ್ನಾಕತ್ತಿಲ್ರಿ ಕಾರಕೂನ್ರ. ಈ ಸಲ ರೋಹಿಣಿ ಮಳಿ ಕೈ ಕೊಡೂದು ಖರೆ ಐತಿ, ಮುಂದಿನ ಮಿರಗದ ಮಳಿಗೇ ಬಿತ್ತೂದು. ಅಲ್ಲೀತನಕ ಎತ್ತ ಖಾಲಿನ ಅದಾವು. ಆದ್ರ ನಮ್ಮೂರಾಗ ಬರೇ ಕಾಗದಕ್ಕ ಎತ್ತ ಹೂಡಿದ ರೂಢಿ ಇಲ್ಲ. ಕರಿಯಾವರು ವೀಳ್ಯ ಕೊಡಬೇಕು. ಎಲಿ ತಿಂದ್ವಿ ಅಂದ್ರ ಎತ್ತು ಆ ಮಾತಿಗೆ ಬಿದ್ದಂಗ. ಆ ಕೆಲಸ ತೀರೂತನಕ ಬ್ಯಾರೆ ಯಾವ ಕೆಲಸಕ್ಕೂ ನೊಗ ಮುಟ್ಟಸೂದಿಲ್ಲ. ಸಾಹೇಬ್ರು ವೀಳ್ಯ ಕಳಸ್ಯಾರನು?”

ಇಲ್ಲ ಎಂದು ಹೇಳಿ, ಕಚೇರಿಗೆ ಮರಳಿ, ಕೇಳಿ, ಮತ್ತೆ ಬರಬಹುದಿತ್ತು. ಬುದ್ಧಿ ಇದ್ದವನು ಹಾಗೆ ಮಾಡುತ್ತಿದ್ದ. ನಾನು ಸೈಕಲ್ಲಿನ ಹಿಂದಿನಿಂದ ಎಲೆಯ ಕಟ್ಟು ಬಿಚ್ಚಿದೆ. ಟೊಪ್ಪಿಗೆ ಸರಿಮಾಡಿಕೊಂಡು, ಇಲ್ಲದ ಗುಂಡಿ ಮುಟ್ಟಿಕೊಂಡು, ಮೂಗಿನಿಂದ ‘ಹೂಂ’ ಎಳೆದೆ. ಚಾವಡಿ ನಕ್ಕು ಬಿದ್ದಿತು. ಪ್ರಾಂತಸಾಹೇಬರು ಹಿಂದಿನ ಚಳಿಗಾಲ ಅದೇ ಊರಿನ ಮಾವಿನ ತೋಪಿನಲ್ಲಿ ಡೇರೆ ಹಾಕಿದ್ದರು. ಎಲ್ಲರಿಗೂ ಆ ಮೂಗು ಪರಿಚಯ.

“ಕಳಸ್ಯಾರಲ್ರಿ ಗೌಡ್ರ!” ಎಂದೆ. “ಸಾಹೇಬ್ರ ಸ್ವತಃ ಹೇಳ್ಯಾರ, ಸವಣೂರ ಎಲಿನ ಒಯ್ಯಿ ಅಂತ.”

ಹತ್ತೊಂಬತ್ತು ಮಂದಿ ಒಬ್ಬೊಬ್ಬರಾಗಿ ಬಂದರು. ನಾನು ಸಾಹೇಬರ ದನಿಯಲ್ಲಿ ‘ಆಲ್ ರೈಟ್, ಕ್ಯಾರಿ ಆನ್’ ಎನ್ನುತ್ತ ಒಬ್ಬೊಬ್ಬರಿಗೂ ಎರಡು ಎಲೆ, ಒಂದು ಅಡಿಕೆ ಕೊಟ್ಟೆ. ಅವರು ತಮ್ಮ ಸಂಚಿಯಿಂದ ಸುಣ್ಣ ತೆಗೆದು ಹಚ್ಚಿಕೊಂಡು ನನ್ನೆದುರಿಗೇ ತಿಂದರು. ಹದಿನೆಂಟು ಗಂಡಸರ ಹಿಂದೆ ಒಬ್ಬ ಹೆಂಗಸು. ಗಂಡ ಇಲ್ಲ, ಮಗಳು ಹತ್ತಿಮತ್ತೂರಿನಲ್ಲಿ ಸಂಸಾರಸ್ಥೆ. ಈಕೆ ಒಂದು ಜೋಡಿ ಎತ್ತು ಕಟ್ಟಿಕೊಂಡು, ಒಬ್ಬ ಆಳನ್ನಿಟ್ಟುಕೊಂಡು ಒಕ್ಕಲುತನ ಮಾಡುವವಳು. ಊರೆಲ್ಲ ಆಕೆಯನ್ನು ಯವ್ವ ಎಂದೇ ಕರೆಯುತ್ತಿತ್ತು. ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು, ನನ್ನ ಮುಖ ನೋಡಿದಳು.

“ತಮ್ಮಾ, ಇದು ಸಾಹೇಬ್ರ ಎಲಿಯೋ, ನಿನ್ನ ಎಲಿಯೋ?”

“ಹೂಂ...” ಎಂದು ನಾನು ರಾಗ ಎಳೆದೆ. ಆಕೆ ನಕ್ಕು ಬಾಯಿಗೆ ಹಾಕಿಕೊಂಡಳು.

ಕಚೇರಿಗೆ ಬಂದು ‘ಜನರು ಸಂತೋಷದಿಂದ ಒಪ್ಪಿರುತ್ತಾರೆ’ ಎಂದು ವರದಿ ಬರೆದೆ. ವೀಳ್ಯದ ಸುದ್ದಿ ಬರೆಯಲಿಲ್ಲ. ಸಾಹೇಬರು ಓದಿ, ರಾಗ ಎಳೆದು, ಹಿರೇಕೆರೂರಿನ ಕಡೆ ಫಿರತಿ ಹೊರಟುಹೋದರು. ಅವರ ಡೇರೆ ಒಂದೊಂದು ದಿನ ಒಂದೊಂದು ಊರು.

ಚಕ್ಕಡಿ ಹೊರಡಲು ಇನ್ನೂ ಒಂದು ವಾರ ಇರುವಾಗ, ಆ ಮಂಗಳವಾರ ಸಂಜೆ, ಕೈ ಕೊಡುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದ ರೋಹಿಣಿ ಮಳೆ, ಕಚೇರಿಯ ಹಂಚು ಎಣಿಸುವ ಹಾಗೆ ಸುರಿಯಿತು. ಬುಧವಾರ ಮುಂಜಾನೆಯ ಟಪಾಲಿನಲ್ಲಿ ಧಾರವಾಡದಿಂದ ಇಂಗ್ಲಿಷಿನ ಒಂದು ಕಾಗದ ಬಂತು. ಇದ್ದಿಲು ಸಾಗಿಸಲು ಬೇರೆ ವ್ಯವಸ್ಥೆಯಾಗಿದೆ, ಚಕ್ಕಡಿಗಳ ಹುಕುಮನ್ನು ರಿಸಿಂಡ್ ಮಾಡಲಾಗಿದೆ.

ಅದನ್ನು ಕನ್ನಡಕ್ಕೆ ಮಾಡುವ ಕೆಲಸ ನನ್ನದು, ತಿದ್ದುವ ಕೆಲಸ ಅವಲ್ ಕಾರಕೂನರದು. ಅವಲ್ ಕಾರಕೂನರು ಕಚೇರಿಯ ಹಿರಿಯ ಗುಮಾಸ್ತರು. ನಾವು ರಾಯರು ಎನ್ನುತ್ತಿದ್ದೆವು. ನಶ್ಯ ಏರಿಸಿ, ಕಣ್ಣು ಮುಚ್ಚಿ, ಸೀನು ಬರುವ ತನಕ ಕೈಯನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಆ ಕೈ ಇಳಿಯುವ ತನಕ ಕಚೇರಿಯಲ್ಲಿ ಯಾರೂ ಉಸಿರಾಡುವಂತಿಲ್ಲ. ಅದನ್ನೂ ನಾನು ಮಾಡಿ ತೋರಿಸುತ್ತಿದ್ದೆ, ಅವರು ಇಲ್ಲದಾಗ.

ನಾನು ‘ಸದರಿ ಹುಕುಮು ರದ್ದಾಗಿದೆ’ ಎಂದು ಬರೆದು ಐದು ನಿಮಿಷದಲ್ಲಿ ಒಯ್ದೆ.

“ರದ್ದು!” ಎಂದರು ರಾಯರು, ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು. “ಎಲ್ಲಾದಕ್ಕೂ ರದ್ದು. ನಿನ್ನ ಮ್ಯಾಟ್ರಿಕ್ಕೂ ರದ್ದು. ಕುಂದುರು ಇಲ್ಲೆ. ಹುಕುಮು ಹೊರಡಸೂದು ಯಾರರೇ ಮಾಡ್ತಾರ. ತಿರುಗಿ ತಗೊಳ್ಳೂದರಾಗ ಸರ್ಕಾರದ ಮಾನ ಅದ. ಇಂಗ್ಲಿಷಿನವರು ಅದಕ್ಕ ಎಷ್ಟು ಶಬ್ದ ಮಾಡ್ಯಾರ, ಗೊತ್ತದ ಏನು?”

“ಇಲ್ರಿ ರಾಯ್ರ.”

“ಕ್ಯಾನ್ಸಲ್ ಅಂದ್ರ ಅಡ್ಡ ಗೀಟು ಹೊಡಿಯೂದು. ಸ್ಟಾಂಪಿಗೆ, ರೇಲ್ವೆ ಟಿಕೀಟಿಗೆ. ರಿಪೀಲ್ ಕಾಯ್ದೇಕ್ಕ. ಕ್ವಾಶ್ ಹಾಯಕೋರ್ಟಿನವರ ಬಾಯಾಗ ಇರೂದು, ನಾವು ಮುಟ್ಟಬಾರದು. ಕೌಂಟರ್‌ಮಾಂಡ್ ಫೌಜಿನವರದು. ವಿದ್‌ಡ್ರಾ ಅಂದ್ರ ಹೇಳಿದಾಂವ ತಾನ ಹಿಂದ ಸರಿಯೂದು, ಫಿರ್ಯಾದಿ ಹಂಗ. ಸಸ್ಪೆಂಡ್ ಅಂದ್ರ ತಹಕೂಬು. ಜೀವ ಅದ, ಎಚ್ಚರ ಇಲ್ಲ. ಅನಲ್ ಲಗ್ನ ಮುರೀಲಿಕ್ಕೆ.”

“ಲಗ್ನಕ್ಕೂ ಐತೇನ್ರಿ?”

“ನಿಂದು ಆಗಲಿ ಮೊದಲ. ರಿವೋಕ್ ಅಂದ್ರ ಕೊಟ್ಟ ಅಧಿಕಾರ, ಕೊಟ್ಟ ಲಾಯ್ಸೆನ್ಸು ತಿರುಗಿ ಕರಕೊಳ್ಳೂದು. ಅದರಾಗ ಒಂದು ಮಾತು ನೆನಪಿಟ್ಕೋ: ಕೊಟ್ಟಾವನ ತಗೋಬೇಕು. ಬ್ಯಾರೆ ಯಾವ ಕೈಗೂ ಬರೂದಿಲ್ಲ. ಇನ್ನ ರಿಸಿಂಡ್...” ಇಲ್ಲಿ ನಶ್ಯ ಏರಿತು, ಕೈ ಎತ್ತಿತು, ಸೀನು ಬಂತು. “ರಿಸಿಂಡ್ ಅಂದ್ರ ಬುಡಸಹಿತ ಕಿತ್ತು ಹಾಕೂದು. ಹುಕುಮು ಆಗಿದ್ದ ಇಲ್ಲ ಅಂತ ತಿಳೀಬೇಕು. ಅದು ಬರಬೇಕು ಕನ್ನಡದಾಗ.”

ನಾಲ್ಕು ಕರಡು ಆದವು. ಒಂದರಲ್ಲಿ ‘ಬುಡ’ ಬಂದರೆ ‘ಸದರಿ’ ಬಿಟ್ಟುಹೋಗುತ್ತಿತ್ತು, ಇನ್ನೊಂದರಲ್ಲಿ ಎರಡೂ ಬಂದು ಹುಕುಮೇ ಕಾಣೆಯಾಗುತ್ತಿತ್ತು. ಕಡೆಗೆ ‘ಸದರಿ ಹುಕುಮು ಬುಡದಿಂದ ರದ್ದಾಗಿ, ಮೊದಲಿಂದಲೂ ಇಲ್ಲದಂತಾಗಿದೆ’ ಎಂಬುದಕ್ಕೆ ರಾಯರು ತಲೆದೂಗುವಾಗ ಪಟ್ಟೇವಾಲ, ನಮ್ಮ ಜವಾನ, ಕಚೇರಿಯ ಕದ ಮುಚ್ಚುತ್ತಿದ್ದ. ಒಂದು ಹಗಲು ಹೋಯಿತು. ಅದು ಎಂಥ ಹಗಲು ಎಂಬುದು ನನಗೆ ಆಗ ಹೊಳೆಯಲಿಲ್ಲ. ಕಿಡಕಿಯ ಹೊರಗೆ ಬಿಸಿಲು ಬಿದ್ದು ನೆಲ ಹಬೆಯಾಡುತ್ತಿತ್ತು. ನಾನು ಕುಳಿತು ರಿಸಿಂಡ್ ಶಬ್ದವನ್ನು ರಾಯರ ಸೀನಿನೊಂದಿಗೆ ಹೇಗೆ ಆಡಿ ತೋರಿಸಬೇಕೆಂದು ಯೋಚಿಸುತ್ತಿದ್ದೆ.

ಗುರುವಾರ ಹಳ್ಳಿಗೆ ಹೋದೆ. ಹಾದಿಯ ಎರಡೂ ಕಡೆ ಬೇರೆ ಊರಿನವರ ಹೊಲಗಳಲ್ಲಿ ಕೂರಿಗೆ ಆಡುತ್ತಿದ್ದವು, ಹೆಂಗಸರು ಉಡಿಯಿಂದ ಭತ್ತ ಬಿಡುತ್ತಿದ್ದರು. ನಮ್ಮ ಪಾಲಿನ ಹಳ್ಳಿಯ ಸೀಮೆಯೊಳಗೆ ಬಂದೊಡನೆ ಒಂದು ಕೂರಿಗೆಯೂ ಇಲ್ಲ. ಹದವಾದ ನೆಲ ಬರಿದೇ ಬಿದ್ದಿದೆ. ಎತ್ತುಗಳು ಕೊಟ್ಟಿಗೆಯಲ್ಲಿ ನಿಂತು ಮೇವು ಮೇಯುತ್ತಿವೆ. ಸೈಕಲ್ಲನ್ನು ಇನ್ನಷ್ಟು ಜೋರಾಗಿ ತುಳಿದೆ.

ಹಲಿಗೆ ಬಾರಿಸಿ, ‘ಬುಡದಿಂದ ರದ್ದಾಗಿ, ಮೊದಲಿಂದಲೂ ಇಲ್ಲದಂತಾಗಿದೆ’ ಎಂದು ಕೂಗಿದೆ. ಜನ ನಕ್ಕರು.

“ಇವತ್ತ ಯಾರ ದನೀರಿ ಇದು?” ಎಂದ ಒಬ್ಬ.

“ಮಸ್ತ್ ಐತಿ. ಆ ಮೂಗಿನದೂ ಒಮ್ಮೆ ಮಾಡ್ರಿ,” ಎಂದ ಇನ್ನೊಬ್ಬ.

ನಾನು ಚೇಷ್ಟೆಯಲ್ಲ ಎಂದು ಆಣೆ ಮಾಡಿದೆ. ಆಣೆ ಮಾಡುವ ದನಿ ನಮ್ಮ ಪಟ್ಟೇವಾಲನ ದನಿಯಂತೆ ಇದೆ ಎಂದು ಮತ್ತೊಂದು ನಗೆ ಎದ್ದಿತು. ನನ್ನ ಅಣಕಿನ ವಿದ್ಯೆ ನನ್ನ ಕಾಲಿಗೇ ತೊಡರಿತು. ಕಾಗದವನ್ನು ಗೌಡರ ಕೈಗೆ ಕೊಟ್ಟೆ. ಅವರು ಸರ್ಕಾರದ ಶಿಕ್ಕೆ ನೋಡಿದರು, ಎರಡು ಸಲ ಓದಿದರು. ಆಮೇಲೆ ನಗಲಿಲ್ಲ.

“ಕಾಗದ ಖರೇನ ಐತಿ,” ಎಂದರು. “ಹುಕುಮು ಹೋತು. ಕಾಗದ ಬಂದಿತ್ತು, ಕಾಗದ ಹೋತು, ಸರಿಹೋತು. ವೀಳ್ಯ?”

“ವೀಳ್ಯದ್ದೇನ್ರಿ? ಹುಕುಮ ಇಲ್ಲಂದಮ್ಯಾಲೆ...”

“ಎಲಿ ತಿಂದೇವಲ್ರಿ.”

ನಾನು ರಾಯರ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ರಿಸಿಂಡ್ ಎಂಬುದು ಎಷ್ಟು ದೊಡ್ಡ ಶಬ್ದ, ಅದರಲ್ಲಿ ಬುಡ ಹೇಗೆ ಕೀಳುತ್ತದೆ, ಹುಕುಮು ಆಗಿಯೇ ಇಲ್ಲ ಎಂದು ಹೇಗೆ ತಿಳಿಯಬೇಕು ಎಂದೆಲ್ಲ ಹೇಳಿದೆ. ಗೌಡರು ಕೊನೆಯ ತನಕ ಕೇಳಿದರು.

“ಹುಕುಮು ಆಗೇ ಇಲ್ಲ ಅಂತ ತಿಳೀತೇವ್ರಿ, ಸರ್ಕಾರ ಹಂಗ ಅಂದ್ರ. ಆದ್ರ ನಮ್ಮ ಬಾಯಿ ಕೆಂಪ ಆಗಿತ್ತೋ ಇಲ್ಲೋ? ನಮ್ಮಪ್ಪ ಒಂದ ಸಲ ಹಿಂಗ ಮಾತಿಗೆ ಬಿದ್ದ ಎತ್ತು ಹೂಡಿದ್ದ. ಎತ್ತಿಗೇನೂ ಆಗಲಿಲ್ಲ, ಹೊಲಕ್ಕೂ ಏನೂ ಆಗಲಿಲ್ಲ. ಆದ್ರ ಆಮ್ಯಾಲೆ ಅಂವ ಇರೂತನಕ ಅವನ ಕೈಯಾಗಿನ ಎಲಿ ಯಾರೂ ಹಿಡೀಲಿಲ್ಲ.”

ಆ ಹತ್ತೊಂಬತ್ತು ಜೋಡಿಯೇ ಊರಿನ ಗಟ್ಟಿ ಎತ್ತುಗಳು. ಬೇರೆಯವರಿಂದ ಕಡ ತಂದು ಬಿತ್ತೋಣ ಎಂದರೆ ಅಕ್ಕಪಕ್ಕದ ಊರಿನವರಿಗೂ ಇದೇ ಹದ, ಇದೇ ಗಡಿಬಿಡಿ.

“ಹಂಗಾದ್ರ ವೀಳ್ಯ ಹ್ಯಾಂಗ ತಿರುಗಿ ತಗೊಳ್ಳೂದ್ರಿ?” ಎಂದೆ.

“ಕೊಟ್ಟ ಕೈಗೆ ನಾವು ತಿರುಗಿ ಎಲಿ ಕೊಡಬೇಕು. ಎಂಥಾ ಎಲಿ ಕೊಟ್ಟಿದ್ರೋ ಅಂಥಾದ ಎಲಿ. ತಗೊಂಡಾವರು ನಮ್ಮ ಮುಂದ ತಿನ್ನಬೇಕು. ಅವರ ಹೊಟ್ಟ್ಯಾಗ ಹೋತು ಅಂದ್ರ ಮಾತು ತೀರಿತು. ಕೊಟ್ಟಾವರು ಸಾಹೇಬ್ರು. ಅವರನ್ನ ಕರಕೊಂಡ ಬರ್ರಿ.”

ಸಾಹೇಬರು ಹಿರೇಕೆರೂರಿನ ಯಾವ ಮೂಲೆಯಲ್ಲಿದ್ದಾರೋ. ಹುಡುಕಿ ಹೋಗಲು ಎರಡು ದಿನ, ಬರಲು ಎರಡು ದಿನ, ಅವರು ಬರುತ್ತೇನೆ ಎಂದರೆ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವ ಪದ್ಧತಿ ಇಲ್ಲ. ನಾನು ಬೆರಳು ಮಡಚಿ ಲೆಕ್ಕ ಹಾಕುತ್ತಿರುವಾಗ ಯವ್ವ ಎದ್ದು ಮುಂದೆ ಬಂದಳು.

“ಇವರದೆಲ್ಲ ಎರಿ ಹೊಲ, ಕರಿ ಮಣ್ಣು. ಹಸಿ ನಾಕ ದಿನ ತಡೀತೈತಿ. ನಂದು ಮಸಾರಿ, ತಮ್ಮಾ. ಕೆಂಪ ಮಣ್ಣು. ಶನಿವಾರ ಹೊತ್ತು ಮುಳುಗೂದರಾಗ ಬೀಜ ಮಣ್ಣಾಗ ಬೀಳಲಿಲ್ಲ ಅಂದ್ರ ಹೆಂಟಿ ಕಲ್ಲ ಆಗತೈತಿ. ಆಮ್ಯಾಲೆ ನಿಮ್ಮ ಸಾಹೇಬ ಬಂದು ಎಲಿ ತಿಂದರೇನು, ತಪ್ಪಲ ತಿಂದರೇನು?”

ಆಕೆಯ ದನಿಯಲ್ಲಿ ಗೋಳಿರಲಿಲ್ಲ. ಬೈಗುಳ ಇತ್ತು, ಅದು ನನಗೆ ಹೆಚ್ಚು ತಾಗಿತು.

ಬಿಡಿಸಿಕೊಳ್ಳಲು ಒಂದು ಸಸಾರದ ಹಾದಿ ಇತ್ತು. ‘ಸಾಹೇಬರೇ ನನಗೆ ವೀಳ್ಯ ತಿರುಗಿ ತಗೊಂಡು ಬಾ ಅಂದಾರ’ ಎಂದು ಮೂಗಿನ ರಾಗ ಎಳೆದರೆ ಮುಗಿಯಿತು. ಟೊಪ್ಪಿಗೆ ಸರಿಮಾಡಿಕೊಂಡೆ ಕೂಡ. ಬೆರಳು ಎದೆಯ ಮೇಲಿನ ಇಲ್ಲದ ಗುಂಡಿಯ ತನಕ ಹೋಯಿತು. ಯವ್ವ ನನ್ನ ಬೆರಳನ್ನೇ ನೋಡುತ್ತಿದ್ದಳು. ಆಗ ರಾಯರ ಮಾತು ಕಿವಿಗೆ ಬಂತು, ಸೀನಿನ ಸಮೇತ: ಕೊಟ್ಟಾವನ ತಗೋಬೇಕು, ಬ್ಯಾರೆ ಯಾವ ಕೈಗೂ ಬರೂದಿಲ್ಲ. ಸುಳ್ಳಿನ ಮೇಲೆ ಕೊಟ್ಟದ್ದನ್ನು ಇನ್ನೊಂದು ಸುಳ್ಳಿನ ಮೇಲೆ ತೆಗೆದುಕೊಂಡರೆ, ಮುಂದೆ ಎಂದಾದರೂ ಸಾಹೇಬರು ಅದೇ ತೋಪಿನಲ್ಲಿ ಡೇರೆ ಹಾಕಿ ‘ಯಾವ ವೀಳ್ಯ?’ ಎಂದು ಕೇಳಿದ ದಿನ, ಇಷ್ಟು ಮಂದಿ ಮಾತಿಗೆ ತಪ್ಪಿದವರಾಗುತ್ತಾರೆ. ಗೌಡರ ಅಪ್ಪನಿಗೆ ಆದದ್ದು ಒಬ್ಬನಿಗೆ. ಇದು ಇಡೀ ಊರಿಗೆ.

ಬೆರಳು ಕೆಳಗಿಳಿಸಿದೆ. “ಸಾಹೇಬ್ರು ವೀಳ್ಯ ಕಳಿಸಿರಲಿಲ್ರಿ,” ಎಂದೆ. “ಅವರಿಗೆ ಗೊತ್ತೂ ಇಲ್ಲ. ಕೊಟ್ಟಾಂವ ನಾನು.”

ಹೇಳಿದ ದನಿ ಯಾರದೆಂದು ನನಗೇ ಗುರುತು ಹತ್ತಲಿಲ್ಲ. ಸಣ್ಣದು, ಸ್ವಲ್ಪ ಒಡಕು. ವಿಚಾರ ಮಾಡಿದರೆ ನನ್ನದೇ.

ಒಬ್ಬ ಎದ್ದು ನಿಂತು ತೋಳು ಏರಿಸಿದ. “ಹಂಗಾದ್ರ ಅದು ವೀಳ್ಯನ ಅಲ್ಲ ಬಿಡ್ರಿ! ನಾಳೆ ಬಿತ್ತೂನು!” ಎಂದ ಅವನ ಪಕ್ಕದವನು. ಅವಲ್ ಕಾರಕೂನರು ಅಲ್ಲಿದ್ದರೆ ಇದಕ್ಕೂ ಇಂಗ್ಲಿಷಿನಲ್ಲಿ ಒಂದು ಶಬ್ದ ಹುಡುಕಿ ಕೊಡುತ್ತಿದ್ದರು. ಗೌಡರು ಇಬ್ಬರನ್ನೂ ಕೈಯಿಂದ ಕುಳ್ಳಿರಿಸಿದರು.

“ಕೊಟ್ಟಾಂವ ಸುಳ್ಳಾ ಇರಬಹುದು. ತಿಂದ ಬಾಯಿ ಖರೇ ಅದಾವು. ಕೊಟ್ಟಾಂವ ಇಲ್ಲೇ ನಿಂತಾನ, ಇಂವನ ತಿನ್ನಲಿ.”

“ನನಗ ಅವತ್ತ ಗೊತ್ತಿತ್ತು,” ಎಂದಳು ಯವ್ವ. “ಆ ಸಾಹೇಬಗ ಸವಣೂರ ಎಲಿ ಯಾವುದು, ಹುಣಚೀ ತಪ್ಪಲ ಯಾವುದು ಗೊತ್ತಿದ್ದೀತನು? ಬಾಯಾಗ ಯಾವಾಗ ನೋಡಿದ್ರೂ ಸಿಗರೇಟು.”

“ಗೊತ್ತಿದ್ದು ಯಾಕ ತಿಂದಿಬೇ ಯವ್ವ?” ಎಂದೆ.

“ಎಲಿ ಚಲೋ ಇತ್ತು.”

ಊರಿನಲ್ಲಿ ಸವಣೂರಿನ ಎಲೆ ಒಂದೂ ಇರಲಿಲ್ಲ. ಹಿತ್ತಲಲ್ಲಿ ಹಬ್ಬಿದ ನಾಡ ಎಲೆ ಬೇಕಾದಷ್ಟಿತ್ತು, ನಡೆಯುವುದಿಲ್ಲ ಎಂದರು. ಅಂಥದೇ ಆಗಬೇಕು. ನಾನು ಅಂದು ಎಲೆಯ ಹೆಸರನ್ನು ಅಷ್ಟು ಮೆರೆಸಿದ್ದೆನಲ್ಲ.

ಶುಕ್ರವಾರ ನಸುಕಿನಲ್ಲಿ ಸೈಕಲ್ಲು ಹತ್ತಿದೆ. ಶಿಗ್ಗಾಂವಿಯ ಬುಟ್ಟಿಯವನು ಅಂದು ಕಾಣಲಿಲ್ಲ, ಸವಣೂರಿಗೇ ಹೋಗಬೇಕಾಯಿತು. ಎರಿ ಮಣ್ಣಿನ ಹಾದಿಯಲ್ಲಿ ಗಾಲಿಗೆ ಅಂಟು ಮೆತ್ತಿ, ನನ್ನ ಮೇಲೆ ಸೈಕಲ್ಲು ಕುಳಿತ ಹೊತ್ತೇ ಹೆಚ್ಚು. ಎಲೆಬಳ್ಳಿಯ ತೋಟದಲ್ಲಿ ಮುದುಕನೊಬ್ಬ ಎಲೆ ಕೀಳುತ್ತಿದ್ದ. ಉಗುರಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು, ಬಳ್ಳಿಗೆ ನೋವಾಗದಂತೆ ಒಂದೊಂದೇ ಚಿವುಟುತ್ತಿದ್ದ.

“ಶಾದಿ ಐತೇನು ಬೇಟಾ?” ಎಂದು ಕೇಳಿದ.

“ಬಿಡುಗಡೆ ಐತಿ, ಚಾಚಾ,” ಎಂದೆ.

ಅವನು ಅದನ್ನು ಏನೆಂದು ತಿಳಿದನೋ, ಬಾಳೆಯ ಪಟ್ಟೆಯಲ್ಲಿ ಎಲೆ ಕಟ್ಟಿ ಮೇಲೆ ಒದ್ದೆ ಅರಿವೆ ಸುತ್ತಿ ಕೊಟ್ಟು, “ಬಿಸಿಲಿಗೆ ತೋರಸಬ್ಯಾಡ” ಎಂದು ಎಚ್ಚರಿಸಿದ. ಮರಳುವಾಗ ನನ್ನ ಟೊಪ್ಪಿಗೆಯನ್ನೂ ಕಟ್ಟಿನ ಮೇಲೆ ಹೊದಿಸಿದೆ. ನನ್ನ ತಲೆ ಬಿಸಿಲಿಗೆ ಬಾಡಿದರೆ ನಷ್ಟವಿಲ್ಲ. ಹೊತ್ತು ಮುಳುಗುವಾಗ ಹಳ್ಳಿ ಮುಟ್ಟಿದೆ.

ಶನಿವಾರ ಹೊತ್ತು ಹುಟ್ಟುವ ಮೊದಲೇ ಚಾವಡಿ ತುಂಬಿತ್ತು. ಎಲ್ಲರೂ ಎತ್ತುಗಳ ಮೈ ತೊಳೆದು, ಕೂರಿಗೆ ಸಜ್ಜುಮಾಡಿ ಬಂದಿದ್ದರು. ಎಲೆಯನ್ನು ಅವರವರಿಗೆ ಹಂಚಿದೆ. ಸುಣ್ಣ ಅವರದು, ಅಡಿಕೆ ಅವರದು. ಯವ್ವ ಗಂಡಸರನ್ನೆಲ್ಲ ಮೊಣಕೈಯಿಂದ ಸರಿಸಿ ಮೊದಲಿಗೆ ಬಂದಳು.

“ಸರೀರಿ. ಎರಿ ಹೊಲದವರೆಲ್ಲ ಹಿಂದ.”

ವೀಳ್ಯ ನನ್ನ ಕೈಯಲ್ಲಿಟ್ಟು ಹೇಳಿದಳು: “ನೀ ಕೊಟ್ಟಿದ್ದಿ, ನಾ ತಿಂದಿದ್ದೆ. ಈಗ ನಾ ಕೊಡಾಕತ್ತೇನಿ, ನೀ ತಿನ್ನು. ಮಾತು ತೀರಿತು.”

ಸವಣೂರಿನ ಎಲೆ ಬಾಯಲ್ಲಿಟ್ಟರೆ ಕರಗುತ್ತದೆ. ಮೊದಲನೆಯದನ್ನು ನಾನು ರಸಿಕನ ಹಾಗೆ ತಿಂದೆ. ನುಂಗಿದ್ದನ್ನು ಬಾಯಿ ತೆರೆದು ತೋರಿಸಬೇಕು, ಉಗುಳುವಂತಿಲ್ಲ, ಅದೂ ಪದ್ಧತಿ. ಯವ್ವ ನನ್ನ ಬಾಯಿಯೊಳಗೆ ಬಗ್ಗಿ ನೋಡಿ, ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಎರಡನೆಯದು, ಮೂರನೆಯದು ಸರಿಹೋದವು. ಐದನೆಯವನ ಸುಣ್ಣ ಖಾರ. ಏಳನೆಯವನು ಪ್ರೀತಿಯಿಂದ ಒಂದು ಚೂರು ತಂಬಾಕು ಸೇರಿಸಿದ್ದ. ಚಾವಡಿಯ ಕಂಬಗಳು ಎರಡೆರಡಾದವು. ಹತ್ತನೆಯದಕ್ಕೆ ನಾಲಗೆ ನನ್ನದಲ್ಲ ಎಂದಾಯಿತು. ಹನ್ನೆರಡನೆಯವನು, ಅಂದು ತೋಳು ಏರಿಸಿದ್ದವನು, ಗೋಡೆಗೆ ಬಳಿಯುವಷ್ಟು ಸುಣ್ಣ ಹಚ್ಚಿ ತಂದು, “ಕ್ಯಾರಿ ಆನ್ರೀ, ಸಾಹೇಬ್ರ” ಎಂದ. ಚಾವಡಿಗೆ ಚಾವಡಿಯೇ ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಸುರಿಸಿಕೊಂಡು. ಒಬ್ಬೊಬ್ಬನೂ ‘ಮಾತು ತೀರಿತು’ ಎಂದು ಹೇಳಿ, ನನ್ನ ಬಾಯಿ ನೋಡಿ, ಎತ್ತಿನ ಕಡೆ ಓಡುತ್ತಿದ್ದ.

ಹದಿನೈದರ ಮೇಲೆ ನನಗೆ ಗೌಡರು ಬೆಲ್ಲದ ನೀರು ಕೊಟ್ಟರು. ಪದ್ಧತಿಯಲ್ಲಿ ಅದಕ್ಕೆ ಅಡ್ಡಿ ಇಲ್ಲವಂತೆ. ಹತ್ತೊಂಬತ್ತನೆಯದು ಗೌಡರದೇ. ಅವರು ಸುಣ್ಣವನ್ನು ಕಾಣುವಷ್ಟೇ ಹಚ್ಚಿದ್ದರು. ತಿಂದು, ಬಾಯಿ ತೆರೆದು ತೋರಿಸಿ, ಕಂಬಕ್ಕೆ ಒರಗಿದೆ. ಚಾವಡಿಯ ಕಟ್ಟೆಯಿಂದ ಕೆರೆಯ ಏರಿಯ ಕೆಳಗಿನ ಕೆಂಪು ಹೊಲ ಕಾಣುತ್ತಿತ್ತು. ಯವ್ವನ ಎತ್ತುಗಳು ಆಗಲೇ ಅರ್ಧ ಹೊಲ ತಿರುಗಿದ್ದವು. ಆಳು ಕೂರಿಗೆ ಹಿಡಿದಿದ್ದ. ಆಕೆ ಹಿಂದೆ ಬೀಜ ಬಿಡುತ್ತ, ಎತ್ತುಗಳಿಗೋ ಆಳಿಗೋ ಬೈಯುತ್ತ ನಡೆದಿದ್ದಳು. ಅಷ್ಟು ದೂರಕ್ಕೆ ಮಾತು ಕೇಳುತ್ತಿರಲಿಲ್ಲ, ಕೈ ಬೀಸುವುದರಲ್ಲೇ ಬೈಗುಳ ಗೊತ್ತಾಗುತ್ತಿತ್ತು.

ಕಚೇರಿಗೆ ಮರಳಿದಾಗ ನನ್ನ ಬಾಯಿ ಬಾತು, ನಾಲಗೆ ಸುಲಿದು, ‘ನಮಸ್ಕಾರ’ ಎಂದರೆ ಬೇರೆ ಏನೋ ಹೊರಡುತ್ತಿತ್ತು. ಹೀಗಾಗಿ ನಡೆದದ್ದನ್ನೆಲ್ಲ ಬರೆದು ಕೊಟ್ಟೆ. ವೀಳ್ಯ ಕೊಟ್ಟದ್ದು, ಸಾಹೇಬರ ಹೆಸರು ಹೇಳಿದ್ದು, ಒಂದನ್ನೂ ಬಿಡದೆ. ರಾಯರು ಓದಿ ನಶ್ಯದ ಡಬ್ಬಿ ಮುಚ್ಚಿದರು. ಸಾಹೇಬರ ಹೆಸರಿನ ಮೇಲೆ ಸುಳ್ಳು ಹೇಳಿದ ಉಮೇದುವಾರನ ಹೆಸರನ್ನು ಯಾದಿಯಿಂದ ಕಡಿಯಬೇಕೆಂದು ತಾವೇ ಒಂದು ಹುಕುಮಿನ ಕರಡು ಮಾಡಿ, ಸಹಿಗೆ ಇಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕರಡು ಒಂದೇ ಏಟಿಗೆ ಸರಿಯಾಗಿತ್ತು, ಅದು ಮಾತ್ರ ಸ್ವಲ್ಪ ನೋಯಿಸಿತು.

ಎರಡು ದಿನದ ಮೇಲೆ ಸಾಹೇಬರು ಬಂದರು. ನನ್ನ ಕಾಗದ ಓದಿದರು, ರಾಯರ ಕರಡು ಓದಿದರು. ಮೂಗಿನ ರಾಗ ಎಂದಿಗಿಂತ ಉದ್ದವಾಗಿತ್ತು.

“ಬಿತ್ತಿದರೇನು?” ಎಂದರು, ಮರಾಠಿ ಬೆರೆತ ಕನ್ನಡದಲ್ಲಿ.

“ಎಲ್ಲಾ ಬಿತ್ಯಾರಂತ್ರಿ,” ಎಂದರು ರಾಯರು.

ಸಾಹೇಬರು ನನ್ನ ಕಡೆ ತಿರುಗಿದರು. “ನೀನು ನನ್ನ ಹಾಗೆ ಮಾತಾಡುತ್ತಿ ಎಂದು ಕೇಳಿದೆ. ಮಾಡು, ನೋಡೋಣ.”

ಟೊಪ್ಪಿಗೆ ಸರಿಮಾಡಿ ಬಾಯಿ ತೆರೆದೆ. ಗಾಳಿ ಬಂತು, ಸ್ವಲ್ಪ ಜೊಲ್ಲು ಬಂತು, ಕೆಂಪಾಗಿ. ಸಾಹೇಬರು ನಗಬಾರದೆಂದು ಕೋಟಿನ ಗುಂಡಿ ಹಿಡಿದುಕೊಂಡರು. ಗುಂಡಿ ಕೈಗೇ ಬಂತು. ನಕ್ಕೇಬಿಟ್ಟರು. ಇನ್ನು ಮೇಲೆ ತಮ್ಮ ಹೆಸರಿನಲ್ಲಿ ಒಂದು ಎಲೆಯನ್ನೂ ಕೊಡಕೂಡದು, ಕೊಟ್ಟರೆ ಕರಡು ಮತ್ತೆ ಬರುತ್ತದೆ ಎಂದು ಹೇಳಿ, ಆ ಕಾಗದವನ್ನು ಬದಿಗೆ ಸರಿಸಿದರು.

ರಾಯರು ಕೂಡಲೇ ಲೇಖನಿ ಎತ್ತಿಕೊಂಡರು. “ಹಂಗಾದ್ರ ಇದಕ್ಕ ಯಾವ ಶಬ್ದ ಹಾಕೂಣ್ರಿ? ರಿಸಿಂಡ್ ಅನ್ನೂಣೋ, ವಿದ್‌ಡ್ರಾ ಅನ್ನೂಣೋ? ಅಥವಾ...”

“ನಾನು ಇನ್ನೂ ಸಹಿ ಮಾಡಿಲ್ಲ,” ಎಂದು ಸಾಹೇಬರು ಕಾಗದವನ್ನು ಹರಿದು ಬುಟ್ಟಿಗೆ ಹಾಕಿದರು.

ಇಷ್ಟೊಂದು ಶಬ್ದ ಕಲಿತಿಟ್ಟು ಒಂದೂ ಬೇಡವಾದುದಕ್ಕೆ ರಾಯರು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ನನಗೂ ಮಾತಾಡಲು ಬರುತ್ತಿರಲಿಲ್ಲ. ಕಚೇರಿ ಬಹಳ ಶಾಂತವಾಗಿತ್ತು.

ಮಿರಗದ ಮಳೆ ಕೂಡಿದ ಮೇಲೆ, ಬೆಳೆಯ ನೋಂದಣಿಗೆಂದು ಮತ್ತೆ ಆ ಊರಿಗೆ ಹೋದೆ. ನಾಲಗೆಗೆ ಹೊಸ ಚರ್ಮ ಬಂದಿತ್ತು. ಕೆರೆಯ ಏರಿಯ ಕೆಳಗೆ ಕೆಂಪು ನೆಲದಲ್ಲಿ ಭತ್ತದ ಸಾಲುಗಳು ಬೆರಳುದ್ದ ಎದ್ದಿದ್ದವು. ಯವ್ವ ಬದುವಿನ ಮೇಲೆ ಕುಳಿತು ಸಂಚಿ ಬಿಚ್ಚುತ್ತಿದ್ದಳು.

“ಹ್ಯಾಂಗೈತಿಬೇ ಯವ್ವ ಬೆಳಿ?” ಎಂದು ಕೇಳಿದೆ, ನನ್ನದೇ ದನಿಯಲ್ಲಿ.

ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನಿಧಾನವಾಗಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು. ಕುಪ್ಪಸದ ಮೇಲಿನ ಇಲ್ಲದ ಗುಂಡಿಯನ್ನು ಮುಟ್ಟಿಕೊಂಡಳು. ಆಮೇಲೆ ಮೂಗಿನಿಂದ ಒಂದು ರಾಗ ಹೊರಟಿತು ನೋಡಿ, ‘ಹೂಂ’ ಎಂದು, ಏರಿಯ ಮೇಲಿನ ಕೊಕ್ಕರೆ ಹಾರುವಂಥದು. ಅದು ಸಾಹೇಬರ ರಾಗವಲ್ಲ. ಸಾಹೇಬರ ರಾಗ ಎಳೆಯುವ ನನ್ನದು. ಕೊನೆಯಲ್ಲಿ ನಾನು ಕೊಡುವ ಆ ಸಣ್ಣ ತಿರುವಿನ ಸಮೇತ.

“ಆಲ್ ರೈಟ್,” ಎಂದಳು ಯವ್ವ, ಸಂಚಿಯಿಂದ ಎರಡು ಎಲೆ ತೆಗೆದು ನನ್ನ ಕಡೆ ಚಾಚಿ. “ತಿಂತೀಯನು?”

ಸೈಕಲ್ಲನ್ನು ಎಲ್ಲಿ ಒರಗಿಸಿದ್ದೆನೆಂದು ನೆನಪಾಗಲಿಲ್ಲ. ಬಿಟ್ಟೇ ಓಡಿದೆ.